ಅತಿಥಿಗೆ ಬಡಿಸುವವರು

ಚಳಿಗಾಲ ಬಂದರೆ ನಮ್ಮ ಮೈಸೂರು ಸೀಮೆಯ ಸುದ್ದಿಗಳಲ್ಲಿ ಹಕ್ಕಿಗಳು ‘ವಿದೇಶಿ ಅತಿಥಿ’ಗಳಾಗುತ್ತವೆ. ಜೊತೆಗಿರುವ ಚಿತ್ರ ಹೆಚ್ಚಾಗಿ ಪಟ್ಟೆತಲೆ ಹೆಬ್ಬಾತಿನದು. ಮಂಗೋಲಿಯಾ, ಟಿಬೆಟ್ ಕಡೆ ಮರಿಮಾಡಿ, ಹಿಮಾಲಯ ದಾಟಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯವರೆಗೆ ಬರುವ ಹಕ್ಕಿ ಅದು. ದಾರಿಯಲ್ಲಿ ಕೆಲವು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಕತ್ತಿಗೆ ಮಂಗೋಲಿಯಾದಲ್ಲಿ ತೊಡಿಸಿದ ಪಟ್ಟಿಯಿದ್ದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ.

ಹಕ್ಕಿಯ ಬಗ್ಗೆ ನನಗೆ ತಕರಾರಿಲ್ಲ. ‘ಅತಿಥಿ’ ಎಂಬ ಮಾತಿನ ಬಗ್ಗೆ ಇದೆ. ಅತಿಥಿ ಇದ್ದಲ್ಲಿ ಬಡಿಸುವವರೊಬ್ಬರು ಇರಲೇಬೇಕಲ್ಲ?

ನನ್ನ ಸಂಶೋಧನೆ ನೀತಿಶಾಸ್ತ್ರದ್ದು. ಹಕ್ಕಿ ನೋಡುವುದು ಭಾನುವಾರದ ಚಟ. ಹೆಮ್ಮಿಗೆಯ ಕಡೆ ಕೊಯ್ಲಾದ ಗದ್ದೆಗಳ ಬದುವಿನ ಮೇಲೆ ನಡೆಯುವಾಗ ಎಲ್ಲವೂ ಸುಲಭ. ಕೂಳೆಯ ನಡುವೆ ಬೆಳ್ಳಕ್ಕಿ, ನೀರು ನಿಂತಲ್ಲಿ ಬಾಲ ಕುಣಿಸುವ ಕುಂಡೆಕುಸ್ಕ. ಇವನ್ನು ‘ರೈತನ ಮಿತ್ರ’ ಎಂದುಬಿಡಬಹುದು, ಹುಳ ತಿನ್ನುತ್ತವೆ. ಹೆಬ್ಬಾತಿನ ಪರವಾಗಿ ಈ ವಾದ ನಡೆಯದು. ಅದು ಹುಲ್ಲು ಮೇಯುತ್ತದೆ, ಪೈರನ್ನೂ ಮೇಯುತ್ತದೆ. ಉಪಯೋಗವಿದ್ದರಷ್ಟೇ ಉಳಿಯುವ ಹಕ್ಕು ಎಂದು ಹೊರಟರೆ ಮೊದಲು ಸೋಲುವುದು ಇದೇ. ಹಾಗಾಗಿ ‘ಮಿತ್ರ’ ಎಂಬ ಮಾತೂ ನನಗೆ ಅಷ್ಟಕ್ಕಷ್ಟೆ.

ಹದಿನಾರಿನ ಕಡೆ ಹೊಲದಂಚಿನಲ್ಲಿ ಒಬ್ಬ ಯಜಮಾನರು ಕೇಳಿದರು: “ಅದೇನ್ ಅಂಗ್ ನೋಡ್ತಿದ್ದೀಯಪ್ಪ?” ದುರ್ಬೀನು ಅವರ ಕೈಗೆ ಕೊಟ್ಟೆ. ಹಿಮಾಲಯದ ಕಥೆಯನ್ನೂ ಹೇಳಿದೆ. “ಅಷ್ಟು ದೂರ್‌ದಿಂದ ಬಂದು ನನ್ ಹುರುಳಿಗೇ ಬಾಯಾಕ್ಬೇಕಾ?” ಎಂದು ನಕ್ಕರು. ರಾತ್ರಿ ಪಟಾಕಿ ಹೊಡೆದು ಎಬ್ಬಿಸುತ್ತಾರಂತೆ. ಕೊಲ್ಲುತ್ತೀರಾ ಎಂದದ್ದಕ್ಕೆ, “ಛೆ, ಅದ್ಯಾಕಪ್ಪ, ಅವ್ಕೂ ಹೊಟ್ಟೆ ಇಲ್ವಾ?” ಅಂದರು.

ಆ ಪಟಾಕಿಯನ್ನು ಕ್ರೌರ್ಯ ಎನ್ನುವ ಗೆಳೆಯರು ನನಗಿದ್ದಾರೆ. ನಾನು ಒಪ್ಪುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯನ್ನು ಕೊಲ್ಲಬಾರದು ಎನ್ನುತ್ತದೆ, ಸರಿ. ಆದರೆ ಅದರ ಊಟದ ಲೆಕ್ಕ ಯಾರ ಹೆಸರಿಗೆ? ಆನೆ ನುಗ್ಗಿ ಬೆಳೆ ಹೋದರೆ ಅರಣ್ಯ ಇಲಾಖೆಯ ಪರಿಹಾರವಿದೆ, ಸುದ್ದಿಯೂ ಆಗುತ್ತದೆ. ಹೆಬ್ಬಾತು ಕತ್ತಲಲ್ಲಿ ನಾಲ್ಕು ಸಾಲು ಹುರುಳಿ ಮೇಯ್ದುಹೋದರೆ ಅದು ಯಾರ ಕಣ್ಣಿಗೂ ಬೀಳದಷ್ಟು ಸಣ್ಣದು, ಆ ಹೊಲದವರಿಗೆ ಮಾತ್ರ ಸಣ್ಣದಲ್ಲ.

ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಚಳಿಗಾಲದ ಹೆಬ್ಬಾತುಗಳನ್ನು ಸಹಿಸಿಕೊಳ್ಳುವುದಕ್ಕೆ ರೈತರಿಗೆ ಸರ್ಕಾರ ಹಣ ಕೊಡುತ್ತದೆ. ಅದರ ಜೊತೆಗೇ ಒಂದಷ್ಟನ್ನು ಗುಂಡಿಟ್ಟು ಕೊಲ್ಲಿಸಿದ್ದೂ ಉಂಟು. ದುಡ್ಡು ಕೊಟ್ಟ ಮಾತ್ರಕ್ಕೆ ಸಮಸ್ಯೆ ಸಜ್ಜನಿಕೆಯಿಂದ ಮುಗಿಯುತ್ತದೆ ಎಂದೇನಿಲ್ಲ. ಹಣ ಬಂದಮೇಲೆ ಯಜಮಾನರ “ಅವ್ಕೂ ಹೊಟ್ಟೆ ಇಲ್ವಾ” ಎಂಬ ಮಾತು ಹಾಗೇ ಉಳಿದೀತೆ ಎಂಬ ಅನುಮಾನವೂ ನನಗಿದೆ. ಆದರೆ ಆ ಅನುಮಾನವನ್ನು ನೆಪ ಮಾಡಿಕೊಂಡು ಅವರ ಔದಾರ್ಯವನ್ನು ಪುಕ್ಕಟೆ ಬಳಸುವುದು ನನಗೆ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಒಂದು ಬೆಳಗ್ಗೆ ಹದಿನಾರಕ್ಕೆ ಹೋಗಿಬರಲು ನಾವು ನಾಲ್ಕು ಜನ ಕಾರಿಗೆ ಹಾಕಿಸುವ ಪೆಟ್ರೋಲಿನ ದುಡ್ಡಿಗೆ ಎಷ್ಟು ಸೇರು ಹುರುಳಿ ಬರುತ್ತದೆಂದು ವಾಪಸು ಬರುವಾಗ ಲೆಕ್ಕ ಹಾಕಿದೆವು. ನಮ್ಮ ಹಕ್ಕಿಪಟ್ಟಿಯಲ್ಲಿ ಅದನ್ನು ಬರೆಯುವ ಕಾಲಂ ಇಲ್ಲ.