ಕೇಳುವ ಮಗು, ಕೇಳುವ ಮನೆ



ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮ ಮಕ್ಕಳು ಪಿಯುಸಿಗೆ ಸೇರುವ ಕಾಲ ಬಂತೆಂದರೆ ಎಲ್ಲ ಮನೆಗಳಲ್ಲೂ ಒಂದೇ ಓಡಾಟ. ಅಂಕಪಟ್ಟಿ, ವರ್ಗಾವಣೆ ಪತ್ರ, ಆದಾಯ ಪ್ರಮಾಣಪತ್ರಗಳ ಕಟ್ಟು ಹಿಡಿದು ತಂದೆತಾಯಿಗಳು ಕಾಲೇಜಿನಿಂದ ಕಾಲೇಜಿಗೆ ಅಲೆಯುತ್ತಾರೆ. ಸೀಟು ಸಿಕ್ಕ ದಿನ ದೇವಾಲಯಕ್ಕೆ ಬಂದು ಮೇಣದಬತ್ತಿ ಹಚ್ಚುತ್ತಾರೆ. ಇನ್ನೇನು, ಮಗುವಿಗೆ ಒಂದು ದಾರಿಯಾಯಿತು ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ದಾರಿಯಲ್ಲಿ ನಡೆಯಬೇಕಾದ ಮಗುವಿಗೆ ಕಷ್ಟ ಆರಂಭವಾಗುವುದು ಅನಂತರವೇ.

ಶಾಲೆಯಲ್ಲಿ ಮಗುವನ್ನು ಕಾಯುವವರು ಹಲವರಿದ್ದರು. ಮನೆಗೆಲಸ ಮಾಡದಿದ್ದರೆ ಟೀಚರ್ ಕೇಳುತ್ತಿದ್ದರು. ಎರಡು ದಿನ ಶಾಲೆಗೆ ಹೋಗದಿದ್ದರೆ ಮನೆಗೆ ಹೇಳಿಕಳಿಸುತ್ತಿದ್ದರು. ಭಾನುವಾರ ಧರ್ಮೋಪದೇಶದ ತರಗತಿಗೆ ಬಾರದಿದ್ದರೆ ಕನ್ಯಾಸ್ತ್ರೀಯರು ತಾಯಿಯನ್ನು ವಿಚಾರಿಸುತ್ತಿದ್ದರು. ಕಾಲೇಜಿನಲ್ಲಿ ಒಂದೇ ತರಗತಿಯಲ್ಲಿ ಎಂಬತ್ತು, ನೂರು ಮಂದಿ. ಉಪನ್ಯಾಸಕರು ಬರುತ್ತಾರೆ, ಪಾಠ ಮಾಡುತ್ತಾರೆ, ಹೋಗುತ್ತಾರೆ. ಮಗು ತಿಳಿದುಕೊಂಡಿತೋ ಇಲ್ಲವೋ ಎಂದು ನಿಂತು ನೋಡುವಷ್ಟು ಸಮಯ ಅವರಿಗೂ ಇರುವುದಿಲ್ಲ. ನಿನ್ನೆಯವರೆಗೆ ಎಲ್ಲರೂ ಮಗುವನ್ನು ಕೇಳುತ್ತಿದ್ದರು. ಇಂದಿನಿಂದ ಮಗುವೇ ಕೇಳಬೇಕು. ಈ ಒಂದು ಬದಲಾವಣೆಯನ್ನು ಅರಿಯದೆ ಸೊರಗುವ ಮಕ್ಕಳು ಎಷ್ಟೋ ಮಂದಿ.

ಹನ್ನೆರಡು ವರ್ಷದ ಯೇಸು

ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯದ ಕೊನೆಯ ಭಾಗವನ್ನು ನೀವೆಲ್ಲ ಬಲ್ಲಿರಿ. ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋದ ಮರಿಯಮ್ಮನವರೂ ಜೋಸೆಫರೂ ಹಿಂದಿರುಗುವಾಗ, ಬಾಲಯೇಸು ತಮ್ಮವರ ಗುಂಪಿನಲ್ಲಿರಬಹುದೆಂದು ಒಂದು ದಿನದ ದಾರಿ ನಡೆದುಬಿಡುತ್ತಾರೆ. ಅನಂತರ ಗಾಬರಿಯಿಂದ ಹುಡುಕುತ್ತಾ ಹಿಂದಕ್ಕೆ ಬರುತ್ತಾರೆ. ಮೂರನೆಯ ದಿನ ಬಾಲಕ ಮಹಾದೇವಾಲಯದಲ್ಲಿ ಸಿಗುತ್ತಾನೆ. ಅಲ್ಲಿ ಅವನು ಬೋಧಕರ ನಡುವೆ ಕುಳಿತು ಅವರ ಮಾತುಗಳನ್ನು ಆಲಿಸುತ್ತಾ, ಅವರಿಗೆ ಪ್ರಶ್ನೆಗಳನ್ನು ಹಾಕುತ್ತಾ ಇದ್ದನೆಂದು ಸಂತ ಲೂಕರು ತಿಳಿಸುತ್ತಾರೆ.

ನಮ್ಮ ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಪದ ಸಾಕು: ಕೇಳುವುದು. ಪಾಠ ಕೇಳುವುದೂ ಕೇಳುವುದೇ, ಪ್ರಶ್ನೆ ಕೇಳುವುದೂ ಕೇಳುವುದೇ. ದೇವರ ಪುತ್ರರೇ ಈ ಎರಡು ಬಗೆಯಲ್ಲೂ ಕೇಳಿದರು. ಹಾಗಿರುವಾಗ ನಮ್ಮ ಮಕ್ಕಳು ಕೇಳಲು ಏಕೆ ನಾಚಬೇಕು?

ಹೆಸರು ಬದಲಾಗಿದೆ, ವಿಷಯ ಅದೇ

ಪ್ರಿಯ ಮಕ್ಕಳೇ, ನಿಮ್ಮಲ್ಲಿ ಹಲವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದೀರಿ. ಒಂದೇ ದಿನದಲ್ಲಿ ಎಲ್ಲವೂ ಇಂಗ್ಲಿಷಿಗೆ ತಿರುಗುತ್ತದೆ. ಪಕ್ಕದಲ್ಲಿ ಕುಳಿತವರು ಇಂಗ್ಲಿಷಿನಲ್ಲೇ ಉತ್ತರ ಹೇಳುವಾಗ 'ನಾನು ದಡ್ಡ' ಎಂದು ಮನಸ್ಸು ಕುಗ್ಗುತ್ತದೆ.

ಸ್ವಲ್ಪ ನಿಧಾನವಾಗಿ ಯೋಚಿಸಿರಿ. 'ವೇಗೋತ್ಕರ್ಷ' ಎಂದರೇನೆಂದು ನಿಮಗೆ ಗೊತ್ತು. ಇಲ್ಲಿ ಅದನ್ನೇ 'ಆಕ್ಸಲರೇಷನ್' ಎನ್ನುತ್ತಾರೆ. 'ದ್ಯುತಿಸಂಶ್ಲೇಷಣೆ'ಯ ಚಿತ್ರ ಬರೆದು ಅಂಕ ಪಡೆದವರು ನೀವು. ಇಲ್ಲಿ ಅದಕ್ಕೆ 'ಫೋಟೋಸಿಂಥೆಸಿಸ್' ಎಂದು ಹೆಸರು. ನಿಮಗೆ ತಿಳಿದಿರುವುದು ಹಾಗೆಯೇ ಇದೆ, ಅದರ ಹೆಸರಷ್ಟೇ ಹೊಸದು. ಒಂದು ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು, ಒಂದು ಕಡೆ ಇಂಗ್ಲಿಷ್ ಪದ, ಮತ್ತೊಂದು ಕಡೆ ಕನ್ನಡ ಪದ ಬರೆಯಿರಿ. ದಿನಕ್ಕೆ ಹತ್ತು ಪದ ಸಾಕು, ಮೂರು ತಿಂಗಳಿಗೆ ಸುಮಾರು ಒಂಬೈನೂರು ಪದಗಳಾಗುತ್ತವೆ. ನಿಮ್ಮ ಹತ್ತನೆಯ ತರಗತಿಯ ಪುಸ್ತಕಗಳನ್ನು ಮಾರಿಬಿಡಬೇಡಿರಿ, ಅವು ಬೇಕಾಗುತ್ತವೆ. ತರಗತಿಯಲ್ಲಿ ಎದ್ದು ಕೇಳಲು ಅಂಜಿಕೆಯಾದರೆ, ತರಗತಿ ಮುಗಿದ ಮೇಲೆ ಉಪನ್ಯಾಸಕರ ಕೊಠಡಿಯ ಬಾಗಿಲಲ್ಲಿ ನಿಂತು, 'ಸರ್, ಇದೊಂದು ತಿಳಿಯಲಿಲ್ಲ' ಎಂದು ಕೇಳಿರಿ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೇ ಕೇಳಿರಿ. ಕೇಳಲು ಬಂದ ವಿದ್ಯಾರ್ಥಿಯನ್ನು ಕಂಡರೆ ಸಂತೋಷಪಡುವ ಉಪನ್ಯಾಸಕರು ಪ್ರತಿಯೊಂದು ಕಾಲೇಜಿನಲ್ಲೂ ಒಬ್ಬರಾದರೂ ಇರುತ್ತಾರೆ.

ಮಕ್ಕಳ ಸಾಲಿನಲ್ಲಿ ಕುಳಿತ ಸಂತ

ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸರು ಮೊದಲು ಯೋಧರಾಗಿದ್ದರು. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಆ ಹಾಸಿಗೆಯಲ್ಲೇ ಅವರ ಮನಪರಿವರ್ತನೆ ಆರಂಭವಾಯಿತು. ಜನರ ಆತ್ಮಗಳಿಗೆ ನೆರವಾಗಬೇಕಾದರೆ ತಾನು ಓದಬೇಕು ಎಂದು ನಿಶ್ಚಯಿಸಿದಾಗ ಅವರಿಗೆ ಮೂವತ್ತು ದಾಟಿತ್ತು. ಲ್ಯಾಟಿನ್ ಭಾಷೆ ಬಾರದೆ ಆ ಕಾಲದಲ್ಲಿ ಉನ್ನತ ವ್ಯಾಸಂಗವಿರಲಿಲ್ಲ. ಆದ್ದರಿಂದ 1524ರಲ್ಲಿ ಬಾರ್ಸಿಲೋನಾದಲ್ಲಿ, ತಮಗಿಂತ ಬಹಳ ಚಿಕ್ಕವರಾದ ಹುಡುಗರ ಜೊತೆಯಲ್ಲಿ ಕುಳಿತು ವ್ಯಾಕರಣ ಕಲಿಯತೊಡಗಿದರು.

ಅಲ್ಲಿ ಅವರಿಗೊಂದು ವಿಚಿತ್ರ ಅನುಭವವಾಯಿತು. ಬಾಯಿಪಾಠ ಮಾಡಲು ಕುಳಿತ ಕೂಡಲೇ ಮನಸ್ಸಿಗೆ ಸುಂದರವಾದ ಭಕ್ತಿಯ ವಿಚಾರಗಳು ಬರುತ್ತಿದ್ದವು, ಪಾಠ ನಿಂತುಹೋಗುತ್ತಿತ್ತು. ಬಲಿಪೂಜೆಯಲ್ಲಿ, ಪ್ರಾರ್ಥನೆಯಲ್ಲಿ ಬಾರದ ವಿಚಾರಗಳು ಓದುವಾಗಲೇ ಏಕೆ ಬರುತ್ತವೆ ಎಂದು ಅವರು ಯೋಚಿಸಿದರು. ಇದು ಶೋಧನೆ ಎಂದು ಅರಿತರು. ತಮ್ಮ ಗುರುಗಳ ಬಳಿ ಹೋಗಿ ಎಲ್ಲವನ್ನೂ ತಿಳಿಸಿ, ಇನ್ನು ಮುಂದೆ ಪಾಠ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. ಮಕ್ಕಳೇ, ಓದುವ ಹೊತ್ತಿನಲ್ಲಿ ಓದುವುದೇ ದೇವರಿಗೆ ಮೆಚ್ಚಿಗೆಯಾದ ಸೇವೆ. ಭಕ್ತಿಯ ವಿಚಾರವೇ ಓದಿಗೆ ಅಡ್ಡಿಯಾಗಬಹುದಾದರೆ, ಗಳಿಗೆಗೊಮ್ಮೆ ಮಿನುಗುವ ಮೊಬೈಲಿನ ಮಾತು ಹೇಳಬೇಕೆ? ಓದುವಾಗ ಅದನ್ನು ಬೇರೆ ಕೋಣೆಯಲ್ಲಿಡಿರಿ.

1528ರಲ್ಲಿ ಇಗ್ನೇಷಿಯಸರು ಪ್ಯಾರಿಸಿಗೆ ಬಂದರು. ತಾವು ಆತುರದಿಂದ ಮುಂದೆ ಮುಂದೆ ಓದಿದ್ದರಿಂದ ತಮ್ಮ ತಳಪಾಯವೇ ಗಟ್ಟಿಯಿಲ್ಲವೆಂದು ಕಂಡುಕೊಂಡು, ಅಲ್ಲಿ ಮತ್ತೊಮ್ಮೆ ಚಿಕ್ಕ ಮಕ್ಕಳ ತರಗತಿಗೆ ಹೋಗಿ ಕುಳಿತರು. ಮುಂದೆ 1535ರಲ್ಲಿ, ನಲವತ್ತು ದಾಟಿದ ಮೇಲೆ, ಅದೇ ವಿಶ್ವವಿದ್ಯಾನಿಲಯದಿಂದ ಸ್ನಾತಕೋತ್ತರ ಪದವಿ ಪಡೆದರು. ಹದಿನಾರು ವರ್ಷದ ನಿಮಗೆ ಹಳೆಯ ಪಾಠಕ್ಕೆ ಮರಳಿ ಹೋಗುವುದು ಅವಮಾನವೆ?

ಒಂದೇ ಕೋಣೆಯ ಮೂವರು

ಪ್ಯಾರಿಸಿನ ಸಂತ ಬಾರ್ಬರಾ ಕಾಲೇಜಿನಲ್ಲಿ 1529ರಿಂದ ಇಗ್ನೇಷಿಯಸರ ಕೋಣೆಯಲ್ಲಿದ್ದವರು ಇಬ್ಬರು ತರುಣರು: ಪೀಟರ್ ಫೇಬರ್ ಮತ್ತು ಫ್ರಾನ್ಸಿಸ್ ಕ್ಸೇವಿಯರ್. ವಯಸ್ಸಿನಲ್ಲಿ ಹಿರಿಯರಾದ ಇಗ್ನೇಷಿಯಸರಿಗೆ ಪಾಠ ಹೇಳಿಕೊಟ್ಟವರು ಚಿಕ್ಕವರಾದ ಫೇಬರ್. ಫೇಬರರ ಮನಸ್ಸಿನ ಕಳವಳಗಳಿಗೆ ದಾರಿ ತೋರಿಸಿದವರು ಇಗ್ನೇಷಿಯಸ್. ಕ್ಸೇವಿಯರರಾದರೋ ಕೀರ್ತಿಯ ಕನಸು ಕಾಣುತ್ತಾ, ಬಹಳ ಕಾಲ ಇವರ ಮಾತಿಗೆ ಒಲಿಯಲಿಲ್ಲ. ಕಡೆಗೆ ಅವರೂ ಒಲಿದರು. 1542ರಲ್ಲಿ ಗೋವೆಯ ತೀರಕ್ಕೆ ಬಂದಿಳಿದು ನಮ್ಮ ದೇಶದಲ್ಲಿ ಶುಭಸಂದೇಶ ಸಾರಿದ ಸಂತರು ಅವರೇ. ಇಂದು ಈ ಮೂವರೂ ಸಂತರು. ಫೇಬರರಿಗೆ ಸಂತ ಪದವಿ ದೊರೆತದ್ದು 2013ರಲ್ಲಿ.

'ಸಂಗದಿಂದ ಸನ್ಯಾಸಿ ಕೆಟ್ಟ' ಎಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತಲೇ ಇರುತ್ತೇವೆ. ಸಂಗದಿಂದ ಸಂತರಾದವರೂ ಇದ್ದಾರೆಂದು ಅದರ ಜೊತೆಗೇ ಹೇಳೋಣ. ಹಾಸ್ಟೆಲಿಗೆ ಹೋಗುವ ಮಕ್ಕಳೇ, ನಿಮ್ಮಿಂದ ಕಲಿಯುವವರು ಒಬ್ಬರು, ನಿಮಗೆ ಕಲಿಸುವವರು ಒಬ್ಬರು, ಇಂತಹ ಗೆಳೆಯರನ್ನು ಹುಡುಕಿಕೊಳ್ಳಿರಿ. ಅವರು ನಮ್ಮ ಧರ್ಮದವರೇ ಆಗಬೇಕೆಂದಿಲ್ಲ. ಆದರೆ ನಿಮ್ಮನ್ನು ಹೀಯಾಳಿಸುವವರ, ಸಾಲ ಮಾಡಿಸುವವರ, ಕುಡಿಯಲು ಒತ್ತಾಯಿಸುವವರ ಜೊತೆಯಲ್ಲಿ ಮೌನವಾಗಿರಬೇಡಿರಿ. ರ್‍ಯಾಗಿಂಗ್ ಕಾನೂನಿನ ಪ್ರಕಾರ ಅಪರಾಧ. ವಾರ್ಡನರಿಗೆ, ಪ್ರಾಂಶುಪಾಲರಿಗೆ, ಮನೆಯವರಿಗೆ ಅಂದೇ ತಿಳಿಸಿರಿ.

ಬಸ್ ನಿಲ್ದಾಣದಲ್ಲಿ ಕುಳಿತ ಹುಡುಗ

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಗುರುನಿವಾಸಕ್ಕೆ ಬಂದರು. 'ದಿನಾ ಬ್ಯಾಗು, ಬುತ್ತಿ ತಗೊಂಡು ಹೊರಡ್ತಾನೆ ಫಾದರ್. ಎರಡು ತಿಂಗಳಿಂದ ಕಾಲೇಜಿಗೇ ಹೋಗಿಲ್ಲವಂತೆ' ಎಂದು ಅತ್ತರು. ಹುಡುಗ ತಲೆ ಎತ್ತಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಗಣಿತದಲ್ಲಿ ಐದು ಅಂಕ ಬಂದಿತ್ತು. ಮನೆಯಲ್ಲಿ ಹೇಳಲು ಭಯ. ಅಂದಿನಿಂದ ಅವನು ಬಸ್ ನಿಲ್ದಾಣದಲ್ಲಿ ಕುಳಿತು ಬುತ್ತಿ ತಿಂದು ಸಂಜೆ ಮನೆಗೆ ಬರುತ್ತಿದ್ದ. 'ಅಪ್ಪ ಗಾರೆ ಕೆಲಸ ಮಾಡಿ ಫೀಸು ಕಟ್ಟಿದಾರೆ ಫಾದರ್, ಹೇಗೆ ಹೇಳಲಿ?' ಎಂದು ಕಡೆಗೊಮ್ಮೆ ಬಾಯಿಬಿಟ್ಟ.

ಆ ಹುಡುಗ ಸೋಮಾರಿಯಲ್ಲ, ದುಷ್ಟನೂ ಅಲ್ಲ. ತಂದೆಯ ಮೇಲಿನ ಪ್ರೀತಿಯೇ ಅವನ ಬಾಯಿ ಕಟ್ಟಿತ್ತು. ಐದು ಅಂಕದಿಂದ ಅವನ ಓದು ಕೆಡಲಿಲ್ಲ, ಎರಡು ತಿಂಗಳ ಮೌನದಿಂದ ಕೆಟ್ಟಿತು. ಪಿಯುಸಿಯಲ್ಲಿ ಶೇಕಡಾ 75ರಷ್ಟು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಆ ವರ್ಷ ಅವನ ಕೈತಪ್ಪಿತು. ಮರುವರ್ಷ ಅವನು ವಾಣಿಜ್ಯ ವಿಭಾಗಕ್ಕೆ ಸೇರಿ, ಓದು ಮುಗಿಸಿ, ಈಗ ತನ್ನ ಕಾಲ ಮೇಲೆ ನಿಂತಿದ್ದಾನೆ.

ಆದ್ದರಿಂದ ಮಕ್ಕಳೇ, ಮೊದಲ ಕಿರುಪರೀಕ್ಷೆಯಲ್ಲಿ ಕಡಮೆ ಅಂಕ ಬಂದರೆ ಅಂದು ಸಂಜೆಯೇ ಮನೆಯಲ್ಲಿ ಹೇಳಿರಿ. ಜುಲೈ ತಿಂಗಳಲ್ಲಿ ಹೇಳಿದರೆ ದಾರಿಗಳು ಹಲವಿರುತ್ತವೆ, ಫೆಬ್ರವರಿಯಲ್ಲಿ ಹೇಳಿದರೆ ಕೆಲವೇ. ಪಿಯುಸಿಯೊಂದೇ ಬಾಗಿಲು ಎಂದೂ ತಿಳಿಯಬೇಡಿರಿ. ಎಸ್ಸೆಸ್ಸೆಲ್ಸಿ ನಂತರ ಐಟಿಐ ಇದೆ, ಮೂರು ವರ್ಷದ ಡಿಪ್ಲೊಮಾ ಇದೆ. ಡಿಪ್ಲೊಮಾ ಮುಗಿಸಿದವರಿಗೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರುವ ಅವಕಾಶವಿದೆ. ದ್ವಿತೀಯ ಪಿಯುಸಿಯಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿದೆ. ಒಮ್ಮೆ ಬಿದ್ದರೆ ಎಲ್ಲ ಮುಗಿಯಿತು ಎಂಬ ಮಾತು ಸುಳ್ಳು.

ತಂದೆತಾಯಿಗಳಿಗೆ ಒಂದು ಮಾತು

ಮಗು ಬಂದು ಹೇಳಬೇಕಾದರೆ ಮನೆಯಲ್ಲಿ ಕೇಳುವ ಕಿವಿ ಇರಬೇಕು. ಮೂರು ದಿನ ಹುಡುಕಿ ಬಳಲಿದ ಮರಿಯಮ್ಮನವರು ಮಗನನ್ನು ಕಂಡಾಗ ಏನು ಮಾಡಿದರು? ಹೀಗೇಕೆ ಮಾಡಿದೆ ಎಂದು ಕೇಳಿದರು. ತಮಗೂ ತಂದೆಗೂ ಆದ ಸಂಕಟವನ್ನು ಮುಚ್ಚಿಡದೆ ಹೇಳಿದರು. ಮಗನ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಆದರೂ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡರು. ನಾವಾದರೋ ಮಗು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಮಗುವಿನ ಅಂಕ ಹೇಳುತ್ತೇವೆ.

ಮಗಳಿಗೆ ಇಷ್ಟವಿಲ್ಲದಿದ್ದರೂ ವಿಜ್ಞಾನಕ್ಕೇ ಸೇರಿಸಬೇಕೆ? ಹುಡುಗಿ ಎಂಬ ಕಾರಣಕ್ಕೆ ಹತ್ತಿರದ ಕಾಲೇಜಿನಲ್ಲಿ ಸಿಕ್ಕಿದ್ದನ್ನು ಓದಲಿ ಎನ್ನಬೇಕೆ? ಮಕ್ಕಳು ದೇವರು ನಮ್ಮ ಕೈಗೆ ಒಪ್ಪಿಸಿದ ವರಗಳು. ನಮ್ಮ ಈಡೇರದ ಆಸೆಗಳ ಹೊರೆಯನ್ನು ಅವರ ಹೆಗಲಿಗೆ ಏರಿಸಬಾರದು. ರಾತ್ರಿ ಊಟದ ಹೊತ್ತಿಗೆ ಟಿ.ವಿ., ಮೊಬೈಲು ಆರಿಸಿ, 'ಇವತ್ತು ಯಾವುದು ಕಷ್ಟ ಆಯಿತು?' ಎಂದು ಕೇಳಿರಿ. ಉತ್ತರ ಬಂದಾಗ ಬೈಯಬೇಡಿರಿ. ಮಗು ಊಟ ಬಿಟ್ಟು, ನಿದ್ದೆಗೆಟ್ಟು, ಯಾರೊಡನೆಯೂ ಮಾತಾಡದೆ, ಬದುಕೇ ಬೇಡವೆಂಬ ಮಾತಾಡಿದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿರಿ. ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿ ಕರೆದುಕೊಂಡು ಹೋಗಿರಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆಯೂ ಬೇಕು, ಔಷಧವೂ ಬೇಕು. ಎರಡೂ ದೇವರ ಕೊಡುಗೆಗಳೇ.

ದೇವರನ್ನೂ ಕೇಳಿರಿ

ಕಾಲೇಜಿಗೆ ಹೋದ ಮೇಲೆ ವಿಶ್ವಾಸದ ಬಗ್ಗೆಯೂ ಪ್ರಶ್ನೆಗಳು ಏಳುತ್ತವೆ. ಜಗತ್ತು ಹೇಗೆ ಉಂಟಾಯಿತು? ಒಳ್ಳೆಯವರಿಗೇಕೆ ಕಷ್ಟ? ಇಂತಹ ಪ್ರಶ್ನೆ ಕೇಳುವುದು ಪಾಪವೆಂದು ಹೆದರಿ ಕೆಲವರು ಸುಮ್ಮನಾಗುತ್ತಾರೆ, ಸುಮ್ಮನೆ ದೇವಾಲಯದಿಂದಲೂ ದೂರವಾಗುತ್ತಾರೆ. ಧರ್ಮಸಭೆಯ ಮಹಾಪಂಡಿತರಾದ ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥವನ್ನು ಪ್ರಶ್ನೆಗಳ ರೂಪದಲ್ಲೇ ಬರೆದರು. ದೇವರು ಇದ್ದಾರೆಯೇ ಎಂಬ ಪ್ರಶ್ನೆಯೂ ಅದರಲ್ಲಿದೆ. ಇಲ್ಲ ಎನ್ನುವವರ ವಾದವನ್ನು ಮೊದಲು ಮುಂದಿಟ್ಟು, ಅನಂತರವೇ ತಮ್ಮ ಉತ್ತರ ಕೊಡುತ್ತಾರೆ. ಸತ್ಯವು ಪ್ರಶ್ನೆಗೆ ಹೆದರುವುದಿಲ್ಲ. ನಿಮ್ಮ ಪ್ರಶ್ನೆಗಳನ್ನು ಗುರುಗಳ ಬಳಿಗೆ ತನ್ನಿರಿ.

ಬೇರೆ ಊರಿಗೆ ಹೋದವರು ಮೊದಲ ಭಾನುವಾರವೇ ಅಲ್ಲಿನ ದೇವಾಲಯವನ್ನು ಹುಡುಕಿರಿ. ಬಲಿಪೂಜೆಯ ನಂತರ ಗುರುಗಳನ್ನು ಕಂಡು ನಿಮ್ಮ ಹೆಸರು, ನಿಮ್ಮ ಧರ್ಮಕೇಂದ್ರದ ಹೆಸರು ತಿಳಿಸಿರಿ. ಹೊಸ ಊರಿನಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುವವರು ಒಬ್ಬರಾದರೂ ಇರಲಿ. ದೃಢೀಕರಣ ಸಂಸ್ಕಾರದಲ್ಲಿ ಪಡೆದ ಪವಿತ್ರಾತ್ಮರ ವರಗಳಲ್ಲಿ ಜ್ಞಾನವಿದೆ, ಧೈರ್ಯವೂ ಇದೆ. ಅವುಗಳನ್ನು ಬಳಸುವ ಕಾಲ ಈಗ ಬಂದಿದೆ.

ಮಹಾದೇವಾಲಯದಲ್ಲಿ ಬೋಧಕರೇ ಬೆರಗಾಗುವಂತೆ ಮಾತಾಡಿದ ಬಾಲಯೇಸು ಅನಂತರ ತಂದೆತಾಯಿಗಳ ಜೊತೆ ನಜರೇತಿಗೆ ಮರಳಿ, ಅವರಿಗೆ ವಿಧೇಯನಾಗಿ, ಜ್ಞಾನದಲ್ಲೂ ಪ್ರಾಯದಲ್ಲೂ ಬೆಳೆಯುತ್ತಾ ಹೋದನು. ಅವರೂ ದಿನದಿನವೂ ಬೆಳೆಯಬೇಕಾಯಿತು. ನೀವೂ ಹಾಗೆಯೇ ನಿಧಾನವಾಗಿ ಬೆಳೆಯಿರಿ. ಕೇಳುವ ಮಕ್ಕಳನ್ನೂ, ಕೇಳಿಸಿಕೊಳ್ಳುವ ಮನೆಗಳನ್ನೂ ಪ್ರಭು ಯೇಸು ಹರಸಲಿ. ಮಗನನ್ನು ಹುಡುಕಿ ಕಂಡ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಿಮಗಾಗಿ ಪ್ರಾರ್ಥಿಸಲಿ.