ಹಾಸಿಗೆಯ ಉದ್ದ, ಕಾಲಿನ ಅಳತೆ

ಹಾಸಿಗೆ ಇದ್ದಷ್ಟು ಕಾಲು ಚಾಚು. ನಮ್ಮ ಮನೆಗಳಲ್ಲಿ ಈ ಗಾದೆ ಹೊರಬೀಳುವುದು ದುಡ್ಡಿನ ಮಾತು ಬಂದಾಗ. ಮಗಳ ಮದುವೆಗೆ ಸಾಲ ಎತ್ತುವವನಿಗೆ, ಕಂತಿನ ಮೇಲೆ ಕಾರು ತರುವವನಿಗೆ ಹಿರಿಯರು ಇದನ್ನು ಒಗೆಯುತ್ತಾರೆ. ಹೇಳುವವರಿಗೂ ಕೇಳುವವರಿಗೂ ಅದರ ತಾತ್ಪರ್ಯ ಒಂದೇ: ತೆಪ್ಪಗಿರು. ಆದರೆ ಗಾದೆ ಕಾಲು ಮಡಚಿಕೋ ಎಂದಿಲ್ಲ. ಇದ್ದಷ್ಟಕ್ಕೂ ಚಾಚು ಎಂದಿದೆ. ಹಾಸಿಗೆ ಆರು ಅಡಿ ಇರುವಾಗ ಮುದುರಿ ಮಲಗುವವನೂ ಅದರ ಮಾತು ಮೀರಿದವನೇ. ಈ ಅರ್ಥ ಚೆನ್ನಾಗಿ ತಿಳಿಯುವುದು ದುಡ್ಡಿನ ಲೆಕ್ಕದಲ್ಲಲ್ಲ, ಕಾಲಿನ ಲೆಕ್ಕದಲ್ಲಿ.

ಚಾಮರಾಜನಗರದಲ್ಲಿ ಒಬ್ಬ ಮೇಷ್ಟ್ರು ಇದ್ದಾರೆ ಎಂದು ಇಟ್ಟುಕೊಳ್ಳೋಣ. ವಯಸ್ಸು ನಲವತ್ತರ ಆಚೆ ಈಚೆ. ಬೆಳಗಿನ ಜಾವ ಎದ್ದು ಓಡುತ್ತಾರೆ. ಬೆಂಗಳೂರಿನ 10 ಕಿಲೋಮೀಟರ್ ಓಟ, ಆಮೇಲೆ ಹಾಫ್ ಮ್ಯಾರಥಾನ್, ಹೀಗೆ ಕೆಲವು ಸೀಸನ್ ಕಳೆದಿವೆ. ಈಗ ಅವರಿಗೆ ಸೈಕಲ್ ಬೇಕಾಗಿದೆ. ಊರವರು ನಕ್ಕರೂ ನಕ್ಕಾರು. ದೂರವನ್ನು ಕಾಲಿನಲ್ಲಿ ಅಳೆಯುವುದು ಈ ಜಿಲ್ಲೆಗೆ ಹೊಸದಂತೂ ಅಲ್ಲ. ಶಿವರಾತ್ರಿಗೆ ಕನಕಪುರದ ಕಡೆಯಿಂದ ಕಾವೇರಿ ದಾಟಿ, ಕಾಡು ದಾಟಿ, ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದೇ ಬರುವ ಪರಸೆಯವರ ಮುಂದೆ ನಮ್ಮ ಓಟಗಾರರ ಪದಕಗಳು ಸ್ವಲ್ಪ ಸಪ್ಪೆಯಾಗಿಯೇ ಕಾಣುತ್ತವೆ.

ಮೇಷ್ಟ್ರು ಮನಸ್ಸು ಹಾಕಿರುವುದು ಬ್ರೆವೆ ಎಂಬ ದೂರದ ಸವಾರಿಗೆ. 1904ರಲ್ಲಿ ಹುಟ್ಟಿದ ಪ್ಯಾರಿಸಿನ ಒಂದು ಸೈಕಲ್ ಸಂಘ, ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್, ಇವತ್ತಿಗೂ ಇದಕ್ಕೆ ಮುದ್ರೆ ಒತ್ತುತ್ತದೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ನಾಲ್ಕನ್ನೂ ಒಂದೇ ಸೀಸನ್ನಿನಲ್ಲಿ, ಅಂದರೆ ನವೆಂಬರಿನಿಂದ ಅಕ್ಟೋಬರಿನೊಳಗೆ, ಮುಗಿಸಿದವರು ಸೂಪರ್ ರಾಂಡನರ್. ಇದರಲ್ಲಿ ಮೊದಲನೆಯವನು, ಎರಡನೆಯವನು ಎಂಬುದಿಲ್ಲ. ಮುಗಿಸಿದವರೆಲ್ಲ ಒಂದೇ ಪಂಕ್ತಿ.

ನನಗೆ ಹಿಡಿಸಿದ್ದು ಇದರ ಇನ್ನೊಂದು ನಿಯಮ. ದಾರಿಯುದ್ದಕ್ಕೂ ಕಂಟ್ರೋಲ್ ಎಂಬ ತಪಾಸಣೆಯ ಜಾಗಗಳಿರುತ್ತವೆ. ನೂರನೇ ಕಿಲೋಮೀಟರಿನ ಕಂಟ್ರೋಲ್ ಹೊರಟ 6 ಗಂಟೆ 40 ನಿಮಿಷಕ್ಕೆ ಮುಚ್ಚುತ್ತದೆ. ಅಷ್ಟರೊಳಗೆ ತಲುಪದಿದ್ದರೆ ಆಟ ಮುಗಿಯಿತು. ಆದರೆ ಅದೇ ಕಂಟ್ರೋಲ್ 2 ಗಂಟೆ 56 ನಿಮಿಷಕ್ಕೆ ಮೊದಲು ತೆರೆಯುವುದೂ ಇಲ್ಲ. ತುಂಬ ಜೋರಾಗಿ ತುಳಿದು ಬಂದವನು ಬಾಗಿಲಲ್ಲಿ ಕಾಯಬೇಕು. ಮುದುರಿ ಮಲಗಿದವನಿಗೂ ಜಾಗವಿಲ್ಲ, ಕಾಲು ಹೊರಚಾಚಿದವನಿಗೂ ಇಲ್ಲ. ನಮ್ಮ ಗಾದೆಯನ್ನು ಫ್ರೆಂಚರು ನಿಯಮಾವಳಿ ಮಾಡಿಕೊಂಡಂತಿದೆ.

ಹಾಸಿಗೆ ಎಷ್ಟುದ್ದ ಎಂದು ತಿಳಿಯುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಹೊಸ ಆಟಕ್ಕೆ ಕೈ ಹಾಕಿದವರು ಎಡವುವುದು ಇಲ್ಲೇ. ಓಡಿ ಓಡಿ ಹದಗೊಂಡ ಎದೆ ಸೈಕಲ್ ಮೇಲೂ ಜೊತೆಗೇ ಬರುತ್ತದೆ. ಹೃದಯಕ್ಕೆ, ಶ್ವಾಸಕೋಶಕ್ಕೆ ಓಟ ಯಾವುದು, ಪೆಡಲ್ ಯಾವುದು ಎಂಬ ಭೇದ ಅಷ್ಟಾಗಿ ಇಲ್ಲ. ಸ್ನಾಯುಗಳ ಕತೆ ಬೇರೆ. ಏರಿನಲ್ಲಿ ಸೈಕಲ್ ತುಳಿಯುವಾಗ ಹೊರೆಯ ದೊಡ್ಡ ಪಾಲು ತೊಡೆಯ ಮುಂಭಾಗದ್ದು. ಇನ್ನು ಆಸನದ ನೋವು, ಕತ್ತಿನ ಹಿಡಿತ, ಹ್ಯಾಂಡಲ್ ಒತ್ತಿ ಒತ್ತಿ ಕಿರುಬೆರಳು ಜೋಮು ಹಿಡಿಯುವುದು, ಇವೆಲ್ಲ ಓಟಗಾರ ಕಂಡರಿಯದವು. ಎದೆ ಇನ್ನೂ ಹೋಗೋಣ ಎನ್ನುವಾಗ ಅಂಗೈ ಸಾಕು ಎನ್ನುತ್ತದೆ.

ಇದಕ್ಕಿಂತ ಅಪಾಯ ತಿರುಗಾ ದಾರಿಯಲ್ಲಿದೆ. ವರ್ಷಗಟ್ಟಲೆ ಸೈಕಲ್ ತುಳಿದವನು ಒಂದು ದಿನ ಓಡಲು ಇಳಿಯುತ್ತಾನೆ. ಅವನ ಎದೆಗೆ ಹತ್ತು ಕಿಲೋಮೀಟರ್ ಲೆಕ್ಕಕ್ಕೇ ಇಲ್ಲ. ಆದರೆ ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ, ಸೈಕಲ್ ಮೇಲೆ ಆ ಪೆಟ್ಟೇ ಇರಲಿಲ್ಲ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಮೂಳೆಗೆ, ಸ್ನಾಯುವನ್ನು ಮೂಳೆಗೆ ಕಟ್ಟುವ ತಂತುಗಳಿಗೆ ತಿಂಗಳುಗಳೇ ಬೇಕು. ಒಂದೇ ಮೈಯಲ್ಲಿ ಎರಡು ಹಾಸಿಗೆ, ಒಂದು ಉದ್ದ, ಒಂದು ಗಿಡ್ಡ. ಗಿಡ್ಡದ್ದನ್ನು ನೋಡಿ ಕಾಲು ಚಾಚದವರೇ ಮೊಣಕಾಲ ಕೆಳಗಿನ ಮೂಳೆ ಹಿಡಿದುಕೊಂಡು ಡಾಕ್ಟರ ಮುಂದೆ ಕೂರುವವರು.

ದಾರಿಯ ವಿಷಯದಲ್ಲಿ ಮೇಷ್ಟ್ರು ಪುಣ್ಯವಂತರು. ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗಿ ಬಂದರೆ ಒಂದು ಬೆಳಗಿನ ಅಭ್ಯಾಸ ಆಯಿತು. ಮಳೆಗಾಲದಲ್ಲಿ ಗುಂಡ್ಲುಪೇಟೆ ಸುತ್ತ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಫೋಟೊಕ್ಕೆ ನಿಲ್ಲಿಸುವ ಕಾರುಗಳ ಮಧ್ಯೆ ಸೈಕಲ್ ನುಸುಳಿಸುವುದೇ ಒಂದು ಬೇರೆ ಕಸರತ್ತು. ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆಯುತ್ತದೆ, ಒಂದು ವಯನಾಡಿಗೆ, ಒಂದು ಊಟಿಗೆ. ಊಟಿಯ ದಾರಿ ಹಿಡಿದರೆ ಬಂಡೀಪುರ, ತೆಪ್ಪಕಾಡು, ಮಸಿನಗುಡಿ, ಆಮೇಲೆ ಕಲ್ಲಟ್ಟಿ ಘಾಟು: 36 ಹಿಮ್ಮುರಿ ತಿರುವು. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಸವಾರಿ ಹೆಸರಾಗಿದ್ದು ಈ ಏರಿನಿಂದ.

ಕಲ್ಲಟ್ಟಿ ಗಾದೆಯ ನಿಜವಾದ ಪರೀಕ್ಷಕ. ತಪ್ಪಲಿನಲ್ಲಿ ಹುಮ್ಮಸ್ಸಿನಿಂದ ಜೋರು ಮಾಡಿದವರು ಅರ್ಧಕ್ಕೆ ಮೊದಲೇ ಇಳಿದು ಸೈಕಲ್ ತಳ್ಳುತ್ತಾರೆ. ಹಗುರ ಗೇರಿಗೆ ಹಾಕಿಕೊಂಡು, ನಾಲ್ಕು ಮಾತಾಡಲು ಉಸಿರು ಉಳಿಯುವಷ್ಟೇ ತುಳಿದವರು ಮೇಲೆ ಹೋಗಿ ಟೀ ಕುಡಿಯುತ್ತಾರೆ. ತಳ್ಳುವುದರಲ್ಲಿ ಅವಮಾನವೇನೂ ಇಲ್ಲ ಎಂಬುದು ಬೇರೆ ಮಾತು. ಹಾಸಿಗೆಯ ಅಂಚು ಎಲ್ಲಿದೆ ಎಂದು ಒಂದು ಸಲವಾದರೂ ಮುಟ್ಟಿ ನೋಡದವನಿಗೆ ಅಳತೆ ಸಿಕ್ಕುವುದಿಲ್ಲ.

ಕೆಲವು ಅಂಚುಗಳನ್ನು ಮಾತ್ರ ಮುಟ್ಟಿ ನೋಡಬಾರದು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದೇ ಅದಕ್ಕೆ ಕಾರಣ. ಇರುಳಿನಲ್ಲೂ ಸಾಗಬೇಕಾದ 400, 600ರ ಸವಾರಿಗೆ ಈ ದಾರಿ ಒಗ್ಗುವುದು ಕಷ್ಟ. ಅದು ಸರಿಯಾಗಿಯೇ ಇದೆ. ಆ ಹೊತ್ತಿನ ಹಾಸಿಗೆ ಆನೆಯದು.

ಓಟ, ಸೈಕಲ್ ಆದಮೇಲೆ ಈಜೂ ಕಲಿತು ಟ್ರಯಥ್ಲಾನ್ ಮಾಡಿ ಎಂದು ಮೇಷ್ಟ್ರಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಐರನ್‌ಮ್ಯಾನ್ ಎಂದರೆ 3.8 ಕಿಲೋಮೀಟರ್ ಈಜು, 180 ಸೈಕಲ್, 42.2 ಓಟ. 1978ರಲ್ಲಿ ಹವಾಯಿಯಲ್ಲಿ ಮೊದಲ ಸಲ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ಗುಂಡ್ಲುಪೇಟೆ ಕಡೆ ಹುಡುಗರು ಈಜು ಕಲಿಯುತ್ತಿದ್ದುದು ತೋಟದ ಬಾವಿಗಳಲ್ಲಿ. ಕೊಳವೆಬಾವಿಗಳು ಬಂದಮೇಲೆ ಅಂಥ ಬಾವಿಗಳು ಎಷ್ಟೋ ಬತ್ತಿವೆ. ನಲವತ್ತು ದಾಟಿದವರು ಗುರು ಇಲ್ಲದೆ ಕೆರೆಗೆ ಇಳಿಯುವುದು ಸಾಹಸವಲ್ಲ, ಹುಚ್ಚು. ಓಟ, ಸೈಕಲ್, ಮತ್ತೆ ಓಟ ಇರುವ ಡುಯಥ್ಲಾನ್ ಈ ಊರಿಗೆ ಹೊಂದುವ ಆಟ ಎಂಬುದು ನನ್ನ ತೀರ್ಮಾನ.

ಓಡುವವರು ಯಾರಾದರೂ ಈ ವರ್ಷ ಸೈಕಲ್ ಹತ್ತುವ ಯೋಚನೆಯಲ್ಲಿದ್ದರೆ ನವೆಂಬರಿನಲ್ಲಿ 200ರ ಬ್ರೆವೆಗೆ ಹೆಸರು ಕೊಡಿ. ಗೆಳೆಯರು ಎಷ್ಟೇ ಹುರಿದುಂಬಿಸಲಿ, 600 ಆಮೇಲೆ ನೋಡಿಕೊಳ್ಳಿ. ಬಂಡೀಪುರದ ಕಡೆ ಅಭ್ಯಾಸಕ್ಕೆ ಹೋದರೆ ಬೆಳಕಿರುವಾಗಲೇ ಗುಂಡ್ಲುಪೇಟೆಗೆ ವಾಪಸಾಗಿ.