ಕಾಯ್ದಿಡುವುದೂ ಕಾಯಕವೇ

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆಹೊಲಗಳಲ್ಲಿ ಕೂರಿಗೆಗೆ ವರ್ಷದಲ್ಲಿ ಕೆಲಸವಿರುವುದು ಕೆಲವೇ ವಾರ. ಮುಂಗಾರಿನಲ್ಲಿ ಹೆಸರು, ಸೋಯಾ, ಗೋವಿನಜೋಳ ಬಿತ್ತುವಾಗ ಒಮ್ಮೆ; ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬಿ ಬಿತ್ತುವಾಗ ಇನ್ನೊಮ್ಮೆ. ಭೂಮಿಗೆ ಹದ ಬಂದ ಆ ನಾಲ್ಕಾರು ದಿನಗಳಲ್ಲಿ ಇಡೀ ಮನೆಯ ಅನ್ನ ಅದರ ಬಟ್ಟಲಿನೊಳಗಿಂದಲೇ ಇಳಿಯಬೇಕು. ಆಮೇಲೆ ಅದನ್ನು ಯಾರೂ ಕೇಳುವುದಿಲ್ಲ. ರಂಟೆ, ಕುಂಟೆ, ನೊಗ, ಮಿಣಿಗಳ ಪಾಡೂ ಹೆಚ್ಚು ಕಡಿಮೆ ಇದೇ. ಹೀಗೆ ಸುಮ್ಮನಿರುವ ಸಾಧನದ ಬಗ್ಗೆ ನಮಗೆ ಧಾರ್ಮಿಕವಾದ ಕರ್ತವ್ಯವೇನಾದರೂ ಇದೆಯೇ ಎಂಬುದು ಇಲ್ಲಿಯ ಪ್ರಶ್ನೆ. ದುಡಿಮೆಯನ್ನು ಪೂಜೆಯೆಂದು ಒಪ್ಪಿದ ನಾಡು ನಮ್ಮದು. ಆದರೆ ದುಡಿಮೆ ಮುಗಿದ ಮೇಲೆ ಸಾಧನವನ್ನು ತೊಳೆದು, ಒರೆಸಿ, ಎತ್ತಿಡುವ ಕೆಲಸವನ್ನು ನಾವು ಆ ಪೂಜೆಯೊಳಗೆ ಸೇರಿಸಿಕೊಂಡಿದ್ದೇವೆಯೇ? ಸೇರಿಸಲೇಬೇಕು ಎಂಬುದು ನನ್ನ ವಾದ. ಅಷ್ಟೇ ಅಲ್ಲ, ಕಾಯಕದ ನಿಜವಾದ ಪರೀಕ್ಷೆ ನಡೆಯುವುದು ಬಿತ್ತುವ ದಿನಕ್ಕಿಂತ ಹೆಚ್ಚಾಗಿ ಬಿತ್ತನೆ ಮುಗಿದ ಮರುದಿನ ಎಂದೂ ಹೇಳುತ್ತೇನೆ.

ಮೊದಲು, ಕೆಲಸವಿಲ್ಲದ ಕಾಲದಲ್ಲಿ ಸಾಧನಕ್ಕೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಸುಮ್ಮನಿದ್ದರೆ ಅದು ಹಾಗೆಯೇ ಉಳಿಯುತ್ತದೆ ಎಂದುಕೊಳ್ಳುವುದು ತಪ್ಪು. ಕುಳಕ್ಕೆ ಅಂಟಿದ ಎರೆಮಣ್ಣು ತೇವವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಕೆರೆದು ಒರೆಸದೆ ಬಿಟ್ಟರೆ ಆ ಮಣ್ಣಿನಡಿಯಲ್ಲೇ ಕಬ್ಬಿಣ ತುಕ್ಕು ಹಿಡಿಯುತ್ತದೆ. ಜಾಲಿಯ ದಿಂಡು ಎಷ್ಟು ಗಟ್ಟಿಯಿದ್ದರೂ ಬರಿ ನೆಲಕ್ಕೆ ತಾಗಿದ್ದರೆ ಗೆದ್ದಲು ಹತ್ತುತ್ತದೆ. ಅಂಗಳದಲ್ಲಿ ಬಿದ್ದಿದ್ದರೆ ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ ಸೀಳು ಬಿಡುತ್ತದೆ, ಬಡಿಗ ಬಿಗಿಯಾಗಿ ಕೂಡಿಸಿದ ಸಂದುಗಳು ಸಡಿಲವಾಗುತ್ತವೆ. ತೊಗಲಿನ ಮಿಣಿಗೆ ಎಣ್ಣೆ ಕಾಣಿಸದಿದ್ದರೆ ಅದು ಒಣಗಿ ಬಿರಿಯುತ್ತದೆ, ಇಲ್ಲವೇ ಇಲಿಯ ಪಾಲಾಗುತ್ತದೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕಾಳು ಇಳಿಯುವ ಬಿದಿರಿನ ಕೊಳವೆ. ಅದಕ್ಕೆ ನುಸಿ ಹಿಡಿಯಬಹುದು. ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟಬಹುದು. ಹೊರಗಿನಿಂದ ಏನೂ ಕಾಣದು. ಬಿತ್ತುವ ದಿನ ಬಟ್ಟಲಿಗೆ ಕಾಳು ಹಾಕಿದರೂ ಆ ಒಂದು ತಾಳಿನ ಸಾಲಿಗೆ ಅದು ಬೀಳುವುದಿಲ್ಲ. ಗಮನಿಸದೆ ಹೋದರೆ, ಮೊಳಕೆ ಮೇಲೆದ್ದಾಗ ಉಳಿದ ಸಾಲು ಹಸಿರಾಗಿ ಅದೊಂದು ಸಾಲು ಬರಿದಾಗಿರುವುದು ಗೊತ್ತಾಗುತ್ತದೆ. ಅಷ್ಟರಲ್ಲಿ ಹದ ಆರಿಹೋಗಿರುತ್ತದೆ. ಅದಕ್ಕೇ ಹಿಂದಿನವರು ಕೂರಿಗೆಯನ್ನು ತೊಳೆದು ನೆರಳಿನಲ್ಲಿ ಆರಿಸಿ, ನೆಲದ ಸಂಪರ್ಕವಿಲ್ಲದಂತೆ ಜಂತಿಗೆ ತೂಗು ಹಾಕುತ್ತಿದ್ದುದು. ಒಲೆಯ ಹೊಗೆ ಸುಳಿಯುವ ಕಡೆ ಹುಳದ ಕಾಟವೂ ಕಡಿಮೆ. ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲ ಕಳೆದ ಮೇಲೆ ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳ ಉಕ್ಕಿನ ಅಂಚನ್ನು ಒಣಗಿಸಿ, ಅಡಿಗೆ ದಪ್ಪನಾಗಿ ಮೇಣ ಬಳಿದು, ಬಿಸಿಲು ತೇವ ತಾಗದ ಕಡೆ ಎತ್ತಿಡುತ್ತಾರೆ. ವಸ್ತು ಬೇರೆ, ಋತು ಬೇರೆ, ನಿಯಮ ಒಂದೇ. ಬಳಕೆ ನಿಂತಲ್ಲಿ ಸವೆತ ನಿಲ್ಲುವುದಿಲ್ಲ.

ಈ ಸಂಗತಿಯಿಂದ ನೀತಿಯ ಪ್ರಶ್ನೆ ಹುಟ್ಟುತ್ತದೆ. ಬಿತ್ತುವಾಗ ಕೂರಿಗೆಯನ್ನು ಎಲ್ಲರೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಯಾಕೆಂದರೆ ಅಲ್ಲಿ ಲಾಭನಷ್ಟ ಕಣ್ಣೆದುರಿಗಿದೆ. ಆ ಎಚ್ಚರ ಒಳ್ಳೆಯದೇ, ಆದರೆ ಅದರಲ್ಲಿ ಸ್ವಾರ್ಥವೆಷ್ಟು ಶ್ರದ್ಧೆಯೆಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಬಿತ್ತನೆ ಮುಗಿದು, ಮೈ ದಣಿದು, ಮುಂದಿನ ಬಿತ್ತನೆ ತಿಂಗಳುಗಟ್ಟಲೆ ದೂರವಿರುವಾಗ ಆ ಒತ್ತಾಯ ಇಲ್ಲವಾಗುತ್ತದೆ. ಹಸಿದ ಎತ್ತು ಒದರುತ್ತದೆ; ಕೆಲಸವಿಲ್ಲದ ತಿಂಗಳಲ್ಲೂ ಅದಕ್ಕೆ ಮೇವು ಹಾಕುವುದು ಧರ್ಮವೆಂದು ಯಾರೂ ವಾದಿಸಿ ಒಪ್ಪಿಸಬೇಕಾಗಿಲ್ಲ. ಗೆದ್ದಲು ಹತ್ತಿದ ಕೂರಿಗೆ ಒದರುವುದಿಲ್ಲ. ಕೇಳಲಾರದ್ದಕ್ಕೆ, ನೆನಪಿಸಲಾರದ್ದಕ್ಕೆ, ಇವತ್ತೇ ಪ್ರತಿಫಲ ಕೊಡಲಾರದ್ದಕ್ಕೆ ನಾವು ಸಲ್ಲಿಸುವ ಆರೈಕೆಯಲ್ಲಿ ಮಾತ್ರ ನಮ್ಮ ಶ್ರದ್ಧೆ ಬೆರಕೆಯಿಲ್ಲದೆ ಕಾಣುತ್ತದೆ. ಕೆಲಸವಿಲ್ಲದ ಕಾಲದ ಆರೈಕೆಯನ್ನು ಪರೀಕ್ಷೆ ಎಂದು ಕರೆದದ್ದು ಈ ಕಾರಣಕ್ಕೆ.

ಇದಕ್ಕೆ ಖಂಡೆ ಪೂಜೆಯನ್ನು ಮುಂದಿಟ್ಟು ಉತ್ತರ ಕೊಡುವವರಿದ್ದಾರೆ. ಮಹಾನವಮಿಗೆ ಸಲಕರಣೆಗಳನ್ನೆಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಹೂವೇರಿಸಿ ಕೈ ಮುಗಿಯುತ್ತೇವಲ್ಲ, ಸಾಧನಕ್ಕೆ ಸಲ್ಲಬೇಕಾದ ಗೌರವ ಅಲ್ಲಿಗೆ ಸಂದಿತಲ್ಲ ಎಂಬುದು ಅವರ ಮಾತು. ಪೂಜೆಯನ್ನು ನಾನು ಹಗುರಾಗಿ ನೋಡುತ್ತಿಲ್ಲ. ಆದರೆ ಆ ಹಬ್ಬಕ್ಕೆ ಹೊಂದಿಕೊಂಡ ಕಥೆಯನ್ನೇ ಗಮನವಿಟ್ಟು ನೋಡಿ. ವಿಜಯದಶಮಿಯಂದು ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎನ್ನುವಾಗ ನಾವು ನೆನೆಯುವುದು ಪಾಂಡವರ ಆಯುಧ ಕಾದ ಮರವನ್ನು. ಮಹಾಭಾರತದ ವಿರಾಟಪರ್ವದಲ್ಲಿ ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಹೇಗೆ ಇಟ್ಟರು ಎಂಬುದರ ವಿವರವಿದೆ. ಮೊದಲು ಬಿಲ್ಲುಗಳ ಹೆದೆ ಬಿಚ್ಚಿದರು. ನಕುಲ ಮರ ಹತ್ತಿ, ಗಟ್ಟಿಯಾದ, ಮಳೆ ನೀರು ತಾಗದ ಕಡೆಯನ್ನು ಹುಡುಕಿ ಅವನ್ನು ಭದ್ರವಾಗಿ ಕಟ್ಟಿದ. ಯಾರೂ ಹತ್ತಿರ ಸುಳಿಯದಂತೆ ಒಂದು ಹೆಣವನ್ನೂ ಅಲ್ಲಿ ತೂಗಿಸಿದರು. ಬಿಗಿದ ಹೆದೆಯನ್ನು ಹಾಗೇ ಬಿಟ್ಟರೆ ಬಿಲ್ಲು ತನ್ನ ಕಸುವು ಕಳೆದುಕೊಳ್ಳುತ್ತದೆ ಎಂಬ ಕುಶಲಿಯ ತಿಳಿವಳಿಕೆ ಆ ಕಥೆಯಲ್ಲಿದೆ. ವರ್ಷ ಕಳೆದು ಗೋಗ್ರಹಣದ ಸಂಕಟ ಬಂದಾಗ ಗಾಂಡೀವ ಅರ್ಜುನನ ಕೈಗೆ ಸಿದ್ಧವಾಗಿ ಸಿಕ್ಕಿತು. ಅಂದರೆ ನಾವು ಆಚರಿಸುವ ಹಬ್ಬದ ನಡುಮನೆಯಲ್ಲಿರುವುದೇ ಎತ್ತಿಟ್ಟ ಸಾಧನದ ಕಥೆ. ಇಟ್ಟ ರೀತಿ ಸರಿಯಿದ್ದುದರಿಂದ ತೆಗೆದ ದಿನ ಹಬ್ಬವಾಯಿತು. ಹಿಂಗಾರಿ ಬಿತ್ತನೆಯ ಆಸುಪಾಸಿನಲ್ಲಿ ಬರುವ ಖಂಡೆ ಪೂಜೆ ಇಟ್ಟದ್ದನ್ನು ತೆಗೆದು ಪರಿಶೀಲಿಸುವ ದಿನವೂ ಹೌದು ಎಂದು ನಾನು ಓದಿಕೊಳ್ಳುತ್ತೇನೆ. ತಿಂಗಳುಗಟ್ಟಲೆ ಅಂಗಳದಲ್ಲಿ ಬಿಸಾಡಿದ್ದ ರಂಟೆಗೆ ಅಂದು ಹಚ್ಚುವ ಕುಂಕುಮ ತುಕ್ಕನ್ನು ಮುಚ್ಚೀತು, ಹೋಗಲಾಡಿಸಲಾರದು.

ಶರಣರ ವಿಚಾರಕ್ಕೆ ಬಂದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ಕಲ್ಯಾಣದ ಕ್ರಾಂತಿಯ ಬಳಿಕ ಶರಣರು ಈ ಸೀಮೆಯನ್ನು ಹಾಯ್ದು ಉಳವಿಯ ಕಡೆ ನಡೆದರೆಂಬುದು ಇಲ್ಲಿನ ಜನ ಕಾಪಾಡಿಕೊಂಡು ಬಂದ ನೆನಪು. ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲಿರುವ ಗಂಗಾಂಬಿಕೆಯ ಐಕ್ಯಮಂಟಪ ಆ ನೆನಪಿನ ಗುರುತು. ಆ ಶರಣರಲ್ಲಿ ಹೆಚ್ಚಿನವರು ಸಾಧನ ಹಿಡಿದು ದುಡಿದವರು: ಹಗ್ಗ ಹೊಸೆದ ನುಲಿಯ ಚಂದಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಬೇಸಾಯ ಮಾಡಿದ ಒಕ್ಕಲಿಗ ಮುದ್ದಣ್ಣ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಚಂದಯ್ಯ ಕಾಯಕ ನಿಲ್ಲಿಸಲಿಲ್ಲ ಎಂಬ ಕಥೆ ಶೂನ್ಯಸಂಪಾದನೆಯ ಪರಂಪರೆಯಲ್ಲಿ ಬಂದಿದೆ. ಪೂಜೆಯ ಕ್ಷಣವನ್ನೂ ಕೆಲಸದ ಕ್ಷಣವನ್ನೂ ಬೇರೆ ಮಾಡಿ ಒಂದನ್ನು ಮೇಲಿಡುವ ಅಭ್ಯಾಸಕ್ಕೆ ಆ ಕಥೆ ಕೊಟ್ಟ ಪೆಟ್ಟು ದೊಡ್ಡದು. ಆ ತರ್ಕವನ್ನು ಒಪ್ಪಿದವರು ಕೆಲಸದೊಳಗೂ ಮೇಲು ಕೀಳು ಮಾಡಲಾರರು. ಹುಲ್ಲು ಕೊಯ್ಯುವುದು, ನೆನೆಸುವುದು, ಹೊಸೆಯುವುದು, ಮಾರುವುದು ಎಲ್ಲ ಕಾಯಕವಾದರೆ ಕುಡುಗೋಲನ್ನು ಒರೆಸಿ ಸಿಕ್ಕಿಸಿಡುವುದು ಯಾವ ನ್ಯಾಯದಿಂದ ಹೊರಗುಳಿದೀತು? ಇಟ್ಟ ಸಾಧನವೆಂದರೆ ನಾಳಿನ ಕಾಯಕದ ಇಂದಿನ ರೂಪ.

ಇಲ್ಲಿ ಒಂದು ತಾತ್ವಿಕ ಆಕ್ಷೇಪವನ್ನು ಎದುರಿಸಬೇಕು. ಕರ್ತವ್ಯವೆಂಬುದು ನೋವು ನಲಿವು ಬಲ್ಲ ಜೀವಕ್ಕೆ ಸಲ್ಲತಕ್ಕದ್ದು. ಕಟ್ಟಿಗೆ ಕಬ್ಬಿಣಕ್ಕೆ ಏನು ನೋವು, ಅದಕ್ಕೇನು ಹಕ್ಕು ಎಂದು ಕೇಳಬಹುದು. ಸ್ಥಾವರಕ್ಕೆ ದೈವತ್ವ ಅಂಟಿಸುವುದನ್ನು ಶರಣರೇ ಒಪ್ಪಲಿಲ್ಲವಲ್ಲ ಎಂದೂ ಸೇರಿಸಬಹುದು. ಕಟ್ಟಿಗೆಗೆ ನೋವಿದೆ ಎಂದು ನಾನು ಹೇಳುವುದಿಲ್ಲ. ನನ್ನ ವಾದಕ್ಕೆ ಅದು ಬೇಕಾಗಿಯೂ ಇಲ್ಲ. ಕೂರಿಗೆ ಒಂಟಿ ವಸ್ತುವಲ್ಲ ಎಂಬುದಷ್ಟೇ ಸಾಕು. ಅದರಲ್ಲಿ ಬೆಳೆಯಲು ವರುಷಗಳನ್ನು ತೆಗೆದುಕೊಂಡ ಒಂದು ಮರವಿದೆ, ತಾಳುಗಳ ನಡುವಿನ ಅಂತರವನ್ನು ಬೆರಳಳತೆಯಲ್ಲಿ ಹೊಂದಿಸಿದ ಬಡಿಗನ ಕೈಯಿದೆ, ಕುಳ ತಟ್ಟಿದ ಕಮ್ಮಾರನ ಬೆವರಿದೆ. ಆಯದ ಪದ್ಧತಿ ನಡೆಯುತ್ತಿದ್ದ ಕಾಲದಲ್ಲಿ ರೈತ ಅವರಿಗೆ ಕೂಲಿ ಎಣಿಸಿ ಕೈ ತೊಳೆದುಕೊಳ್ಳುತ್ತಿರಲಿಲ್ಲ. ರಾಶಿಯಾದಾಗ ಕಣದಲ್ಲೇ ಕಾಳಿನ ಪಾಲು ಅಳೆದು ಕೊಡುತ್ತಿದ್ದ. ಸಾಧನದ ಜೊತೆಗಿನ ಸಂಬಂಧ ಹೀಗೆ ವರ್ಷಪೂರ್ತಿ ಜನರ ಜೊತೆಗಿನ ಸಂಬಂಧವೂ ಆಗಿತ್ತು. ಆ ಪದ್ಧತಿಯಲ್ಲಿ ಜಾತಿಯ ಕಟ್ಟು, ಕೈಕೆಲಸದವರ ಅವಲಂಬನೆ ಇದ್ದವು ಎಂಬುದನ್ನು ಮರೆಯಬಾರದು, ಅದು ಮರಳಿ ಬರಲಿ ಎಂದು ಯಾರೂ ಬಯಸಬೇಕಾಗಿಲ್ಲ. ಆದರೆ ಅದು ತೋರಿಸಿದ ಸತ್ಯ ಉಳಿಯುತ್ತದೆ: ವಸ್ತುವನ್ನು ಹಾಳುಗೆಡವುವುದೆಂದರೆ ಅದರೊಳಗೆ ಕೂಡಿರುವ ಇನ್ನೊಬ್ಬರ ದುಡಿಮೆಯನ್ನು ಹಾಳುಗೆಡವುವುದು. ಮುಂದಿನ ಹಂಗಾಮಿಗೆ ಅದನ್ನು ಹಿಡಿಯುವವರ, ಬರಿದಾದ ಸಾಲಿನಿಂದ ಉಣ್ಣದೆ ಉಳಿಯುವವರ ಪಾಲೂ ಅದರಲ್ಲಿದೆ. ಕರ್ತವ್ಯ ಸಲ್ಲುವುದು ಜೀವಕ್ಕೇ; ವಸ್ತು ಅದರ ದಾರಿ.

ಎರಡನೆಯ ಆಕ್ಷೇಪ ವೈರಾಗ್ಯದ ಕಡೆಯಿಂದ ಬರುತ್ತದೆ. ವಸ್ತುವನ್ನು ಇಷ್ಟು ಜೋಪಾನ ಮಾಡುವುದು ಮೋಹವಲ್ಲವೇ, ಬಿಟ್ಟುಬಿಡುವುದಲ್ಲವೇ ದೊಡ್ಡದು ಎಂದು. ಇದಕ್ಕೆ ಎಲ್ಲಕ್ಕಿಂತ ಕಠಿಣ ತ್ಯಾಗ ಮಾಡಿದವರಿಂದಲೇ ಉತ್ತರ ಪಡೆಯೋಣ. ರಟ್ಟರ ರಾಜಧಾನಿಯಾಗಿದ್ದ ಸವದತ್ತಿ, ಅಂದಿನ ಸುಗಂಧವರ್ತಿ, ಜಿನಾಲಯಗಳಿಗೆ ದಾನ ಕೊಟ್ಟ ಶಾಸನಗಳನ್ನು ಉಳ್ಳ ಊರು. ಆ ಜೈನ ಪರಂಪರೆ ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಒಂದು ಆದಾನ ನಿಕ್ಷೇಪಣ ಸಮಿತಿ. ವಸ್ತುವನ್ನು ಎತ್ತುವಾಗಲೂ ಕೆಳಗಿಡುವಾಗಲೂ ಯಾವ ಸಣ್ಣ ಜೀವಿಗೂ ಹಾನಿಯಾಗದಂತೆ ನೋಡಿ ಇಡಬೇಕೆಂಬ ನೇಮ ಅದು. ದಿಗಂಬರ ಮುನಿಯ ಬಳಿ ಇರುವುದು ಪಿಂಛಿ, ಕಮಂಡಲು, ಶಾಸ್ತ್ರಗ್ರಂಥ, ಅಷ್ಟೇ. ಬಟ್ಟೆಯನ್ನೂ ಬಿಟ್ಟವರು ವಸ್ತುವನ್ನು ಇಡುವ ರೀತಿಯನ್ನು ಮಾತ್ರ ಬಿಡಲಿಲ್ಲ, ಅದನ್ನು ವ್ರತದ ಭಾಗವಾಗಿಸಿಕೊಂಡರು. ಹಾಗಾದರೆ ಎಚ್ಚರದಿಂದ ಇಡುವುದಕ್ಕೂ ನನ್ನದೆಂದು ಅಪ್ಪಿಕೊಳ್ಳುವುದಕ್ಕೂ ಅಂತರವಿದೆ. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಹಿಂತಿರುಗಿಸಲು ಹೇಳಿದಾಗ ಎತ್ತಿ ತೋರಿಸಿದ್ದು ಆಸೆಯ ದೋಷವನ್ನು. ಅಷ್ಟೇ ಸಾಕೆಂದು ಬದುಕುವವರಿಗೆ ಇರುವ ಒಂದು ವಸ್ತುವನ್ನು ಕಾಯ್ದುಕೊಳ್ಳದೆ ಬೇರೆ ದಾರಿಯಿಲ್ಲ. ಕೆಟ್ಟರೆ ಕೆಡಲಿ, ಇನ್ನೊಂದು ತಂದರಾಯಿತು ಎನ್ನುವವರು ವಿರಾಗಿಗಳಂತೆ ಕಂಡರೂ ಅವರ ಬದುಕಿಗೆ ಬೇಕಾಗುವುದು ಎರಡು ಪಟ್ಟು ಮರ, ಎರಡು ಪಟ್ಟು ಕಬ್ಬಿಣ. ಅಲಕ್ಷ್ಯ ಆಸೆಯ ಒಡಹುಟ್ಟು.

ಮೂರನೆಯ ಆಕ್ಷೇಪಕ್ಕೆ ನನ್ನ ಮನಸ್ಸು ಹೆಚ್ಚು ತಲೆಬಾಗುತ್ತದೆ. ಜಂತಿ, ಅಟ್ಟ, ಹೊಗೆಯಾಡುವ ಒಲೆಯ ಮಾತು ದೊಡ್ಡ ಮನೆಯವರಿಗೆ ಸರಿ. ಒಂದೇ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಕಾದ ಕುಟುಂಬ ಕುಂಟೆಯನ್ನು ಎಲ್ಲಿ ಇಟ್ಟೀತು? ಮೇಲಾಗಿ ಇವತ್ತು ಬಹುಪಾಲು ಬಿತ್ತನೆ ಟ್ರ್ಯಾಕ್ಟರಿನದು; ಬಿತ್ತುವ ಯಂತ್ರ ಬಾಡಿಗೆಯದು. ಸ್ವಂತದ್ದೇ ಅಲ್ಲದ ಸಾಧನಕ್ಕೆ ಕಾಪಾಡುವ ಕರ್ತವ್ಯ ಎಲ್ಲಿಂದ ಬಂತು? ಮೊದಲ ಭಾಗಕ್ಕೆ ಉತ್ತರ ಸರಳ: ಶಕ್ತಿ ಇದ್ದಷ್ಟೇ ಕರ್ತವ್ಯ. ಎರಡು ಕಲ್ಲಿನ ಮೇಲೇರಿಸಿ ಒಂದು ಹಳೆಯ ತಾಡಪಾಲು ಹೊದಿಸಿದವರು ಅಟ್ಟ ಉಳ್ಳವರಿಗಿಂತ ಕಡಿಮೆ ಮಾಡಿದವರಲ್ಲ. ಅದಕ್ಕೂ ಅನುಕೂಲವಿಲ್ಲದವರ ಹೊರೆಯನ್ನು ಊರು ಹಂಚಿಕೊಳ್ಳಬೇಕು. ನೆರಳಿರುವವರು ನೆರೆಯವರ ಕುಂಟೆಗೆ ಜಾಗ ಕೊಡುವುದೂ ದಾಸೋಹವೇ. ಎರಡನೆಯ ಭಾಗಕ್ಕೆ ಬೌದ್ಧ ವಿನಯದ ಒಂದು ನಿಯಮ ಬೆಳಕು ಚೆಲ್ಲುತ್ತದೆ. ಸಂಘಕ್ಕೆ ಸೇರಿದ ಮಂಚವನ್ನೋ ಪೀಠವನ್ನೋ ಬಯಲಿನಲ್ಲಿ ಹಾಕಿಕೊಂಡ ಭಿಕ್ಷು ಅದನ್ನು ಎತ್ತಿಡದೆ, ಎತ್ತಿಡಿಸದೆ, ಯಾರಿಗೂ ಹೇಳದೆ ಹೊರಟುಹೋದರೆ ಅದು ಒಪ್ಪಿಕೊಂಡು ಶುದ್ಧಿ ಮಾಡಿಕೊಳ್ಳಬೇಕಾದ ದೋಷ. ಸ್ವಂತದ್ದಲ್ಲ ಎಂಬುದು ಅಲ್ಲಿ ವಿನಾಯಿತಿ ಆಗಲಿಲ್ಲ. ಎಲ್ಲರದ್ದು ಎಂಬುದರಿಂದಲೇ ಹೊಣೆ ಹೆಚ್ಚಾಯಿತು. ಬಾಡಿಗೆಯ ಬಿತ್ತುವ ಯಂತ್ರ ನಾಳೆ ಇನ್ನೊಂದು ಹೊಲಕ್ಕೆ ಹೋಗುತ್ತದೆ. ಅದರ ಡಬ್ಬಿಯಲ್ಲಿ ಗೊಬ್ಬರ ಉಳಿಸಿ ಕೊಟ್ಟರೆ ಗಾಳಿಯ ತೇವ ಹೀರಿ ಅದು ಗಟ್ಟಿಯಾಗುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. ಅದರ ಫಲ ಉಣ್ಣುವವರು ನಮಗೆ ಮುಖ ಪರಿಚಯವೂ ಇಲ್ಲದ ಯಾರೋ ರೈತರು. ಲಾಭವೂ ಇಲ್ಲದ, ಯಾರೂ ನೋಡದ ಆ ಹೊತ್ತಿನಲ್ಲಿ ಡಬ್ಬಿಯನ್ನು ತೊಳೆದು ಕೊಡುವುದು ಜಂತಿಗೆ ಕೂರಿಗೆ ತೂಗಿಸಿದ ಹಿರಿಯರ ಕೆಲಸಕ್ಕಿಂತ ಹೆಚ್ಚು ಕಷ್ಟದ ಧರ್ಮ.

ಇಷ್ಟನ್ನೂ ಕೂಡಿಸಿ ನೋಡಿದರೆ ನಮ್ಮ ಆಚರಣೆಯಲ್ಲಿ ತುಂಬಬೇಕಾದ ಒಂದು ತೆರವು ಕಾಣುತ್ತದೆ. ಆರಂಭಕ್ಕೆ ನಮ್ಮಲ್ಲಿ ಪೂಜೆಗಳಿವೆ: ಕಾರಹುಣ್ಣಿಮೆಗೆ ಎತ್ತಿಗೆ, ಬಿತ್ತನೆಗೆ ಮುಂಚೆ ಕೂರಿಗೆಗೆ, ಮಹಾನವಮಿಗೆ ಸಲಕರಣೆಗಳಿಗೆ. ಮುಗಿಸಿ ಎತ್ತಿಡುವ ಕೆಲಸವನ್ನೂ ಅದೇ ಭಕ್ತಿಯಿಂದ ನೋಡುವುದಾದರೆ ಹೊಸ ಹಬ್ಬವೇನೂ ಬೇಕಾಗಿಲ್ಲ. ಕೊನೆಯ ಸಾಲು ಬಿತ್ತಿದ ಸಂಜೆಯೇ ಮಣ್ಣು ಕೆರೆಯುವುದು, ಕೊಳವೆ ಊದಿ ನೋಡುವುದು, ಕುಳಕ್ಕೆ ಎಣ್ಣೆ ಸವರುವುದು, ಸಡಿಲವಾದ ಸಂದನ್ನು ಆಗಲೇ ಬಡಿಗನಿಗೆ ತೋರಿಸುವುದು, ಮಕ್ಕಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಇದನ್ನೆಲ್ಲ ಮಾಡುವುದು, ಇಷ್ಟೇ ಸಾಕು. ಮಠಗಳ ಪ್ರವಚನದಲ್ಲಿ, ಶಾಲೆಯ ಪಾಠದಲ್ಲಿ ಕಾಯಕದ ಮಾತು ಬಂದಾಗ ದುಡಿಯುವುದರ ಜೊತೆಗೆ ಕಾಯ್ದಿಡುವುದರ ಹೆಸರೂ ಬರಲಿ. ಆರಂಭದ ಉತ್ಸಾಹ ಎಲ್ಲರಿಗೂ ಸುಲಭ. ದಣಿದ ಕೈಯಿಂದ, ಹೊಗಳಿಕೆಯ ಆಸೆಯಿಲ್ಲದೆ, ಮುಂದೆ ಬಿತ್ತುವವರು ಯಾರಾದರೂ ಆಗಿರಲಿ ಎಂದು ಸಾಧನವನ್ನು ಸರಿಯಾಗಿ ಇಟ್ಟು ಬರುವವರು ಕಾಯಕವನ್ನು ಅದರ ಕೊನೆಯವರೆಗೂ ನಡೆಸಿದವರು. ಖಂಡೆ ಪೂಜೆಯ ದಿನ ಅವರು ಮುಗಿಯುವ ಕೈಗೆ ತೂಕವಿರುತ್ತದೆ.